ಕಿಂಡಿ ಯಾರ ಪರ? ಕೋಟೆಬಾಗಿಲಿನ ಕಾಳಗದಲ್ಲಿ ಮರೆ ಮತ್ತು ದೃಷ್ಟಿರೇಖೆ: ಒಂದು ಪ್ರಕರಣ ಅಧ್ಯಯನ

ಬಾಣದ ಕಿಂಡಿಯ ಹಿಂದೆ ನಿಂತ ಬಿಲ್ಲುಗಾರ್ತಿಗೆ ಗೋಡೆ ಮುಕ್ಕಾಲು ಮರೆ ಕೊಡುತ್ತದೆ. ಇದರಲ್ಲಿ ತಕರಾರಿಲ್ಲ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 2014ರ ಐದನೆಯ ಆವೃತ್ತಿ ಮುಕ್ಕಾಲು ಮರೆಗೆ ಕೊಡುವ ಉದಾಹರಣೆಗಳಲ್ಲೇ ಬಾಣದ ಕಿಂಡಿಯ ಹೆಸರಿದೆ. ತಕರಾರು ಹುಟ್ಟುವುದು ಅವಳು ಬಿಲ್ಲೆತ್ತಿ ಹೊರಗಿನವನಿಗೆ ಗುರಿಯಿಟ್ಟಾಗ. ಇಬ್ಬರ ನಡುವೆ ಇರುವುದು ಅದೇ ಗೋಡೆ, ಅದೇ ಕಿಂಡಿ. ಹಾಗಾದರೆ ಬಯಲಲ್ಲಿ ನಿಂತ ಶತ್ರುವಿಗೂ ಮುಕ್ಕಾಲು ಮರೆ ಸಲ್ಲಬೇಕೇ?

ಚಿತ್ರದುರ್ಗದ ನಮ್ಮ ಆಟದ ಬಳಗದಲ್ಲಿ ಈ ಪ್ರಶ್ನೆ ಒಂದು ಭಾನುವಾರದ ಮಧ್ಯಾಹ್ನವನ್ನೆಲ್ಲ ತೆಗೆದುಕೊಂಡಿತು. ಮುಂದಿನ ಸುತ್ತಿನಲ್ಲೇ ಅದರ ಬೆನ್ನಿಗೆ ಇನ್ನೂ ಕಠಿಣವಾದ ಎರಡನೆಯ ಪ್ರಶ್ನೆ ಬಂತು. ಎರಡನ್ನೂ ಬಿಡಿಸಿದ ಕ್ರಮ ಬೇರೆ ಮೇಜುಗಳಿಗೂ ಉಪಯೋಗಕ್ಕೆ ಬರುತ್ತದೆಂದು ನನಗೆ ಖಚಿತವಾಗಿರುವುದರಿಂದ ಇಡೀ ಪ್ರಕರಣವನ್ನು ಬರೆದಿಡುತ್ತಿದ್ದೇನೆ. ಬಳಗದ ಟಿಪ್ಪಣಿ ಪುಸ್ತಕ ಇಟ್ಟುಕೊಳ್ಳುವುದು ನನ್ನ ಪಾಲಿನ ಕೆಲಸ. ಅಂದು ನನ್ನ ಪಾತ್ರ ಗಾಯಗೊಂಡು ಹಿಂದಿನ ಕೋಣೆಯಲ್ಲಿ ಮಲಗಿದ್ದರಿಂದ ಕೇಳಿಸಿಕೊಳ್ಳಲು ಬೇಕಾದಷ್ಟು ಬಿಡುವಿತ್ತು.

ಮೇಜಿನ ಸುತ್ತ ಇದ್ದವರ ಪರಿಚಯ ಚುಟುಕಾಗಿ. ಆಟ ನಡೆಸುವ ಮಾಸ್ಟರ್ ಊರಿನವರೇ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾರೆ. ಕಿರಿಯರೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಾರೆ. ಬಿಲ್ಲುಗಾರ್ತಿಯನ್ನು ಆಡುವವಳು ಪದವಿ ವಿದ್ಯಾರ್ಥಿನಿ. ಅವಳ ದೊಡ್ಡಪ್ಪ ಭೂಮಾಪನ ಇಲಾಖೆಯಿಂದ ನಿವೃತ್ತರಾದ ಸರ್ವೇಯರ್. ಅವರ ಪಾತ್ರ ಅರ್ಚಕನದು. ನಾಲ್ಕನೆಯವನು ದಾವಣಗೆರೆಯಿಂದ ಬಸ್ಸಿನಲ್ಲಿ ಬರುವ ಸಾಫ್ಟ್‌ವೇರ್ ಉದ್ಯೋಗಿ. ಅವನ ಪಾತ್ರ ಕತ್ತಿವರಸೆಯ ಯೋಧ. ನಿಯಮಪುಸ್ತಕದ ಸಾಲುಗಳು ಅವನಿಗೆ ಬಾಯಿಪಾಠ, ಮತ್ತು ನಿಯಮ ತನ್ನ ಪಕ್ಷಕ್ಕೆ ಹಾನಿ ಮಾಡುವಾಗಲೂ ಅದನ್ನು ಹೇಳಿಯೇ ತೀರುತ್ತಾನೆ. ಇಂಥವರು ಮೇಜಿನಲ್ಲಿ ಒಬ್ಬರಾದರೂ ಇರಬೇಕು.

ನಕ್ಷೆ ಕಾಲ್ಪನಿಕವಾದರೂ ಅದರ ಮೂಳೆ ನಮ್ಮ ಏಳು ಸುತ್ತಿನ ಕೋಟೆಯದು. ಇಲ್ಲಿನ ಬಾಗಿಲುಗಳ ದಾರಿ ನೇರವಾಗಿ ಹೋಗುವುದಿಲ್ಲ. ನುಗ್ಗಿ ಬಂದವನು ತಿರುಗಬೇಕು, ತಿರುಗುವಾಗ ಅವನ ಪಕ್ಕೆ ಗೋಡೆಯ ಮೇಲಿನವರಿಗೆ ತೆರೆದುಕೊಳ್ಳಬೇಕು; ಆನೆಗಾಗಲೀ ಕುದುರೆಗಾಗಲೀ ಓಟದ ರಭಸ ಸಿಗದಂತೆ ದಾರಿಯನ್ನು ಮುರಿದು ಮುರಿದು ಕಟ್ಟಿದ್ದಾರೆ. ಮಾಸ್ಟರ್ ಆ ತಿರುವೊಂದನ್ನು ಚೌಕದ ಹಾಳೆಗೆ ಇಳಿಸಿದ್ದರು. ಒಂದು ಚೌಕ ಐದು ಅಡಿ. ಓಣಿಯ ಅಗಲ ಹತ್ತು ಅಡಿ. ತಿರುವಿಗೆ ಎದುರಾಗಿ ಐದು ಅಡಿ ದಪ್ಪದ ಗೋಡೆ, ಅದರಲ್ಲಿ ಒಂದು ಕಿಂಡಿ: ಹೊರಬಾಯಿ ಆರು ಅಂಗುಲ ಅಗಲ, ಒಳಬಾಯಿ ಮೂರು ಅಡಿ, ಎತ್ತರ ಎರಡೂವರೆ ಅಡಿ. ಕಿಂಡಿಯ ಹಿಂದೆ ಕಾವಲಿನ ಕೋಣೆ. ಕೋಣೆಯ ಪಕ್ಕದಲ್ಲೇ ಓಣಿಗೆ ತೆರೆಯುವ ದಿಡ್ಡಿ ಬಾಗಿಲು, ಒಳಗಿನಿಂದ ಅಗುಳಿ ಹಾಕಿದ್ದು. ದಿಡ್ಡಿಯ ಬಳಿ ದಾವಣಗೆರೆಯ ಯೋಧ, ಕಿಂಡಿಯಲ್ಲಿ ಬಿಲ್ಲುಗಾರ್ತಿ, ಅವಳ ಹಿಂದೆ ಅರ್ಚಕ. ಹೊರಗೆ ಅಡ್ಡಬಿಲ್ಲು ಹಿಡಿದ ಐವರು ದರೋಡೆಕೋರರು, ಅವರೊಂದಿಗೆ ಒಬ್ಬ ಮಾಂತ್ರಿಕ.

ಒಳಗೆ ಅಗಲ, ಹೊರಗೆ ಕಿರಿದು ಎಂಬ ಆ ಆಕಾರ ಇಡೀ ಪ್ರಕರಣದ ಬೀಗದಕೈ. ಕಿಂಡಿ ಗೋಡೆಯುದ್ದಕ್ಕೂ ಒಂದೇ ಅಗಲವಾಗಿದ್ದರೆ ಒಳಗಿನವನಿಗೆ ಕಾಣುವುದು ಒಂದು ಸೀಳು ಮಾತ್ರ. ಒಳಭಾಗವನ್ನು ಇಕ್ಕೆಲಕ್ಕೂ ಓರೆಯಾಗಿ ಕೊರೆದಾಗ ಬಿಲ್ಲುಗಾರ ಆ ಓರೆಯೊಳಕ್ಕೇ ಸೇರಿ, ಹೊರಬಾಯಿಗೆ ಕಣ್ಣನ್ನು ಹತ್ತಿರ ತಂದು, ಎಡಕ್ಕೂ ಬಲಕ್ಕೂ ಗುರಿ ಹಿಡಿಯಬಹುದು.

ಮೊದಲ ಸುತ್ತಿನಲ್ಲಿ ಬಿಲ್ಲುಗಾರ್ತಿಯ ಸರದಿ ಬಂತು. ಮೂವತ್ತು ಅಡಿ ದೂರದ ದರೋಡೆಕೋರನಿಗೆ ಗುರಿಯಿಟ್ಟು ದಾಳ ಉರುಳಿಸಲು ಕೈಯೆತ್ತಿದಳು. ದಾವಣಗೆರೆಯವನು ತಡೆದ.

“ಅಣ್ಣ, ಉರುಳಿಸುವ ಮೊದಲೇ ಒಂದು ಮಾತು ತೀರ್ಮಾನವಾಗಲಿ. ಪುಸ್ತಕದ ಪ್ರಕಾರ ಅವನಿಗೂ ಮುಕ್ಕಾಲು ಮರೆ ಇದೆ.”

ಅವನ ವಾದ ಪೊಳ್ಳಲ್ಲ. ಐದನೆಯ ಆವೃತ್ತಿಯಲ್ಲಿ ಮರೆಗೆ ಮೂರು ಹಂತ. ಅರ್ಧ ಮರೆಯಲ್ಲಿರುವವನ ರಕ್ಷಣೆಯ ಅಂಕಕ್ಕೆ, ಅಂದರೆ ಆರ್ಮರ್ ಕ್ಲಾಸಿಗೆ, 2 ಸೇರುತ್ತದೆ. ಮುಕ್ಕಾಲು ಮರೆಗೆ 5. ಪೂರ್ಣ ಮರೆಯಲ್ಲಿರುವವನಿಗೆ ನೇರವಾಗಿ ಗುರಿಯಿಡಲು ಸಾಧ್ಯವೇ ಇಲ್ಲ. ಬೆಂಕಿಯುಂಡೆಯಂಥವುಗಳಿಂದ ಚುರುಕಾಗಿ ತಪ್ಪಿಸಿಕೊಳ್ಳುವ ಪರೀಕ್ಷೆಗೂ ಇದೇ 2 ಮತ್ತು 5. 2024ರ ಪರಿಷ್ಕೃತ ಕೈಪಿಡಿಯಲ್ಲೂ ಅಂಕಿಗಳು ಬದಲಾಗಿಲ್ಲ. ಚೌಕದ ಹಾಳೆಯ ಮೇಲೆ ಆಡುವವರಿಗೆ ಮಾಸ್ಟರ್‌ಗಳ ಕೈಪಿಡಿ ಒಂದು ಅಳತೆ ಕೊಡುತ್ತದೆ: ದಾಳಿಕಾರನ ಚೌಕದ ಯಾವುದಾದರೂ ಒಂದು ಮೂಲೆಯನ್ನು ಆರಿಸಿಕೊಳ್ಳಬೇಕು, ಅಲ್ಲಿಂದ ಗುರಿಯ ಚೌಕದ ನಾಲ್ಕು ಮೂಲೆಗಳಿಗೂ ಗೆರೆ ಎಳೆಯಬೇಕು. ಒಂದೋ ಎರಡೋ ಗೆರೆಗೆ ಅಡ್ಡಿಯಿದ್ದರೆ ಅರ್ಧ ಮರೆ. ಮೂರೋ ನಾಲ್ಕೋ ಗೆರೆ ತಡೆದು, ಆದರೂ ದಾಳಿ ತಲುಪುವಂತಿದ್ದರೆ ಮುಕ್ಕಾಲು ಮರೆ.

ಈ ಅಳತೆಯನ್ನು ನಮ್ಮ ನಕ್ಷೆಗೆ ಹಿಡಿದಾಗ ಬಿಲ್ಲುಗಾರ್ತಿಯ ಚೌಕದ ಯಾವ ಮೂಲೆಯಿಂದ ಎಳೆದರೂ ನಾಲ್ಕೂ ಗೆರೆಗಳು ಗೋಡೆಗೆ ಬಡಿಯುತ್ತವೆ. ಕಿಂಡಿಯ ಹೊರಬಾಯಿ ಇರುವುದು ಚೌಕದ ನಡುವಿನಲ್ಲಿ, ಮೂಲೆಗಳಿರುವುದು ಅಂಚಿನಲ್ಲಿ. ಶತ್ರುವಿನ ಕಡೆಯಿಂದ ಎಳೆದರೂ ಅದೇ ಫಲ. ಮರೆಯ ಆಚೆ ಬದಿಯಿಂದ ಹೊರಟ ದಾಳಿಗೆ ಮಾತ್ರ ಮರೆ ಲೆಕ್ಕಕ್ಕೆ ಬರುತ್ತದೆ ಎಂಬ ಸಾಲೊಂದು ಪುಸ್ತಕದಲ್ಲಿದೆ. ಅದೂ ಇಲ್ಲಿ ನೆರವಾಗದು, ಏಕೆಂದರೆ ಇಬ್ಬರೂ ಪರಸ್ಪರ ಆಚೆ ಬದಿಯಲ್ಲೇ ಇದ್ದಾರೆ. ಅಕ್ಷರಶಃ ಓದಿದರೆ ಗೋಡೆ ಇಬ್ಬರಿಗೂ ಸಮ.

ಅಂಕಿಗಳಲ್ಲಿ ಇದರ ಭಾರ ಎಷ್ಟೆಂದು ನೋಡಬೇಕು. ಬಿಲ್ಲುಗಾರ್ತಿ ಅನುಭವದಲ್ಲಿ ಮೂರನೆಯ ಹಂತದ ಪಾತ್ರ, ಬಾಣ ಬಿಡುವಾಗ ದಾಳದ ಅಂಕಿಗೆ ಸೇರುವ ಅವಳ ಕೂಡುವಂಕ 7; ಮೊತ್ತ ಎದುರಾಳಿಯ ರಕ್ಷಣೆಯ ಅಂಕವನ್ನು ಮುಟ್ಟಿದರೆ ಬಾಣ ನಾಟುತ್ತದೆ. ದರೋಡೆಕೋರನ ರಕ್ಷಣೆಯ ಅಂಕ 12. ಅವನಿಗೆ ಮರೆಯಿಲ್ಲದಿದ್ದರೆ ಇಪ್ಪತ್ತು ಮುಖದ ದಾಳದಲ್ಲಿ ಅವಳಿಗೆ 5 ಅಥವಾ ಹೆಚ್ಚು ಬಿದ್ದರೆ ಸಾಕು, ನೂರಕ್ಕೆ ಎಂಬತ್ತು ಸಲ ಬಾಣ ನಾಟುತ್ತದೆ. ಮುಕ್ಕಾಲು ಮರೆಯಿದ್ದರೆ 10 ಬೀಳಬೇಕು, ಅಂದರೆ ಐವತ್ತೈದು ಸಲ. ಅತ್ತಲಿಂದ ದರೋಡೆಕೋರನ ಕೂಡುವಂಕ 3, ಅವಳ ರಕ್ಷಣೆ 14. ಕಿಂಡಿಯ 5 ಸೇರಿದರೆ 19. ಅವನಿಗೆ 16 ಬೀಳಬೇಕು, ನೂರಕ್ಕೆ ಇಪ್ಪತ್ತೈದು. ಬಯಲಲ್ಲಿ ನಿಂತಿದ್ದರೆ ಐವತ್ತು ಇರುತ್ತಿತ್ತು. ಐದು ಅಡ್ಡಬಿಲ್ಲುಗಳ ಎದುರು ಒಬ್ಬಳೇ ನಿಂತವಳಿಗೆ ಎಂಬತ್ತಕ್ಕೂ ಐವತ್ತೈದಕ್ಕೂ ಇರುವ ಅಂತರ ಬಾಗಿಲು ಉಳಿಯುವುದಕ್ಕೂ ಬೀಳುವುದಕ್ಕೂ ಇರುವ ಅಂತರ.

ಬಿಲ್ಲುಗಾರ್ತಿ ಒಪ್ಪಲಿಲ್ಲ. “ಎರಡೂ ಕಡೆಗೆ ಸಮ ಎಂದಾದರೆ ಕಿಂಡಿಯನ್ನು ಯಾರಾದರೂ ಯಾಕೆ ಕೊರೆಯುತ್ತಾರೆ ದೊಡ್ಡಪ್ಪ? ನಮ್ಮ ಕೋಟೆಯ ತೆನೆಗೋಡೆಯಲ್ಲಿ ಬಂದೂಕಿನ ಕಿಂಡಿಗಳನ್ನು ನೀವೇ ತೋರಿಸಿದ್ದಿರಲ್ಲ.”

ದೊಡ್ಡಪ್ಪ ಉತ್ತರ ಕೊಡುವ ಬದಲು ಪೆನ್ಸಿಲ್ ಕೇಳಿದರು. ಬದುಕಿಡೀ ಸರಪಳಿ ಹಿಡಿದು ಹೊಲಗದ್ದೆ ಅಳೆದವರು. ಹಾಳೆಯ ಮೇಲೆ ಕಿಂಡಿಯ ಅಡ್ಡಕೊಯ್ತ ಬರೆದರು. ಓರೆಯೊಳಗೆ ನಿಂತವಳ ಕಣ್ಣು ಹೊರಬಾಯಿಯಿಂದ ಎರಡು ಅಡಿ ಹಿಂದಿದೆ ಎಂದಿಟ್ಟುಕೊಂಡರು; ಅಲ್ಲಿ ಓರೆಯ ಅಗಲ ಒಂದೂವರೆ ಅಡಿ, ಒಬ್ಬರ ಭುಜ ಸರಿಯಾಗಿ ಹಿಡಿಸುವಷ್ಟು. ಕಣ್ಣಿನಿಂದ ಹೊರಬಾಯಿಯ ಎರಡು ಅಂಚುಗಳನ್ನು ಸವರಿ ಹೋಗುವ ಗೆರೆಗಳನ್ನು ಮೂವತ್ತು ಅಡಿ ದೂರದವರೆಗೆ ಬೆಳೆಸಿದರು. ಸಮರೂಪ ತ್ರಿಭುಜದ ಲೆಕ್ಕ: ಅರ್ಧ ಅಡಿಯ ಬಾಯಿ, ಎರಡಡಿಗೆ ಅರ್ಧವಾದರೆ ಮೂವತ್ತೆರಡಡಿಗೆ ಎಂಟು. ಅವಳಿಗೆ ಮೂವತ್ತು ಅಡಿಯಾಚೆ ಎಂಟು ಅಡಿ ಅಗಲದ ನೋಟ ದಕ್ಕುತ್ತದೆ. ಓಣಿಯ ಒಟ್ಟು ಅಗಲವೇ ಹತ್ತು ಅಡಿ. ನಡುವಿನಲ್ಲಿ ನಿಂತ ದರೋಡೆಕೋರ ತಲೆಯಿಂದ ಕಾಲಿನವರೆಗೆ ಅವಳ ಕಣ್ಣಿಗೆ ಬೀಳುತ್ತಾನೆ. ಅವನ ಮೈಯ ಯಾವ ಭಾಗವನ್ನೂ ಗೋಡೆ ಮುಚ್ಚುವುದಿಲ್ಲ.

ಈಗ ಅದೇ ಗೆರೆಗಳನ್ನು ತಿರುಗಿಸಿದರು. ದರೋಡೆಕೋರನ ಕಣ್ಣು ಹೊರಬಾಯಿಯಿಂದ ಮೂವತ್ತು ಅಡಿ ದೂರ, ಬಿಲ್ಲುಗಾರ್ತಿ ಅದರಿಂದ ಎರಡಡಿ ಒಳಗೆ. ಅವನಿಗೆ ಕಾಣುವ ಅಗಲ ಅರ್ಧ ಅಡಿಯ ಮೂವತ್ತನೇ ಮೂವತ್ತೆರಡು ಪಾಲು, ಅಂದರೆ ಸುಮಾರು 6.4 ಅಂಗುಲ. ಭುಜದ ಅಗಲ ಹದಿನೆಂಟು ಅಂಗುಲವಾದರೆ ಅದರ ಮೂರನೇ ಒಂದಕ್ಕಿಂತ ತುಸು ಹೆಚ್ಚು. ಎತ್ತರದಲ್ಲೂ ಕಿಂಡಿ ಎರಡೂವರೆ ಅಡಿಯಷ್ಟೇ ತೋರಿಸುವುದರಿಂದ ಒಟ್ಟು ಮೈಯಲ್ಲಿ ಕಾಣುವುದು ಆರನೇ ಒಂದು ಪಾಲಿನಷ್ಟು.

“ನೋಡಮ್ಮಾ,” ಎಂದರು, “ಗೋಡೆ ಒಂದೇ. ಅಳೆಯುವ ಬಿಂದು ಬೇರೆ. ನಿನ್ನ ಬಿಂದುವಿನಿಂದ ಅವನು ಪೂರ್ತಿ ಬಯಲಿನಲ್ಲಿದ್ದಾನೆ, ಅವನ ಬಿಂದುವಿನಿಂದ ನೀನು ಮುಕ್ಕಾಲಿಗೂ ಹೆಚ್ಚು ಮರೆಯಲ್ಲಿದ್ದೀಯ.”

ದಾವಣಗೆರೆಯವನು ಗೆರೆಗಳನ್ನು ಒಪ್ಪಿದ, ತೀರ್ಪನ್ನು ಒಪ್ಪಲಿಲ್ಲ. “ಪುಸ್ತಕ ಮೂಲೆಯಿಂದ ಎಳೆಯಿರಿ ಎನ್ನುತ್ತದೆ, ಕಣ್ಣಿನಿಂದ ಎಳೆಯಿರಿ ಎನ್ನುವುದಿಲ್ಲ. ನಮಗೆ ಲಾಭವಾದಾಗ ಮಾತ್ರ ಗೆರೆಯನ್ನು ಬೇರೆಡೆಯಿಂದ ಎಳೆದರೆ ನಾಳೆ ಶತ್ರುವೂ ಹಾಗೆಯೇ ಕೇಳುತ್ತಾನೆ, ಅಣ್ಣ.” ಈ ಎಚ್ಚರಿಕೆ ಅರ್ಧ ಗಂಟೆಯೊಳಗೇ ನಿಜವಾಯಿತು.

ಮಾಸ್ಟರ್ ಎರಡು ಆಧಾರಗಳ ಮೇಲೆ ತೀರ್ಪು ಕೊಟ್ಟರು. ಮೊದಲನೆಯದು, ಮೂಲೆಯ ಅಳತೆ ಚೆನ್ನಾಗಿ ಹೊಂದುವುದು ಚೌಕದ ಗಾತ್ರದ ಅಡೆತಡೆಗಳಿಗೆ: ಕಂಬ, ಗೋಡೆಯ ತಿರುವು, ಬಂಡೆ. ಐದಡಿಯ ಚೌಕದೊಳಗೆ ಆರಂಗುಲದ ಸಂದು ಆ ಅಳತೆಗೆ ಸರಿಯಾಗಿ ಸಿಕ್ಕುವುದಿಲ್ಲ. ಆಗ ಆಟಗಾರರ ಕೈಪಿಡಿಯ ಮೂಲ ಮಾತಿಗೆ ಹೋಗಬೇಕು, ಅಲ್ಲಿ ಕೇಳುವುದು ಗುರಿಯ ಮೈಯ ಎಷ್ಟು ಪಾಲು ಮುಚ್ಚಿದೆ ಎಂದು. ಎರಡನೆಯದು, ಇದೇ ವಂಶದ ಮತ್ತೊಂದು ಆಟವಾದ ‘ಪಾತ್‌ಫೈಂಡರ್’ನ 2019ರ ಎರಡನೆಯ ಆವೃತ್ತಿ ಈ ಪ್ರಸಂಗವನ್ನು ಹೆಸರಿಟ್ಟೇ ಎತ್ತಿಕೊಂಡಿದೆ: ಬಾಣದ ಕಿಂಡಿಗೆ ಹೊಂದಿ ನಿಂತವರು ಯಾವ ಕಡಿತವೂ ಇಲ್ಲದೆ ಬಾಣ ಬಿಡಬಹುದು, ದೂರದಿಂದ ತಿರುಗಿ ಹೊಡೆಯುವವರ ಎದುರು ಅವರಿಗೆ ದೊಡ್ಡ ಮರೆ ಸಿಗುತ್ತದೆ. ಆ ಆಟದಲ್ಲಿ ದೊಡ್ಡ ಮರೆಗೆ 4, ಸಾಮಾನ್ಯ ಮರೆಗೆ 2. ಅಂಕಿ ಬೇರೆಯಾದರೂ ತರ್ಕವನ್ನು ನಾವು ಎರವಲು ಪಡೆಯಬಹುದು ಎಂದರು. ಕಿಂಡಿಗೆ ವಿಶೇಷ ಸ್ಥಾನ ಕೊಡುವುದು ಈ ಆಟಗಳಲ್ಲಿ ಹೊಸತೂ ಅಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2000ದ ಮೂರನೆಯ ಆವೃತ್ತಿಯಲ್ಲಿ ಕಿಂಡಿಯ ಹಿಂದಿನವರಿಗೆ ಹತ್ತರಲ್ಲಿ ಒಂಬತ್ತು ಪಾಲಿನ ಮರೆ ಎಂದು 10 ಅಂಕ ಸಿಗುತ್ತಿತ್ತು. 2003ರ ಪರಿಷ್ಕರಣೆಯಲ್ಲಿ ಅದು 8ಕ್ಕೆ ಇಳಿಯಿತು.

ತೀರ್ಪನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: ಅಡೆತಡೆಗೆ ಹೊಂದಿ ನಿಂತವರಿಗೆ ಆ ಅಡೆತಡೆ ತಾವು ಮಾಡುವ ದಾಳಿಯಲ್ಲಿ ಲೆಕ್ಕಕ್ಕಿಲ್ಲ, ದೂರದಿಂದ ಅವರ ಮೇಲೆ ಬರುವ ದಾಳಿಗೆ ಪೂರ್ತಿ ಲೆಕ್ಕ. ದಾಳ ಉರುಳುವ ಮೊದಲೇ ಇದು ಎಲ್ಲರ ಮುಂದೆ ಘೋಷಣೆಯಾಯಿತು. ದಾಳ ಬಿದ್ದ ಮೇಲೆ ಹೇಳಿದ ತೀರ್ಪು ಎಷ್ಟೇ ನ್ಯಾಯವಾಗಿದ್ದರೂ ಸೋತವನ ಕಿವಿಗೆ ಪಕ್ಷಪಾತವಾಗಿಯೇ ಕೇಳಿಸುತ್ತದೆ.

ಬಾಣ ನಾಟಿತು. ಮುಂದಿನ ಸರದಿಗಳಲ್ಲಿ ದರೋಡೆಕೋರರು ಓಣಿಯಲ್ಲಿ ಒಬ್ಬರ ಹಿಂದೊಬ್ಬರಾಗಿ ಸಾಲುಗಟ್ಟಿದರು. ಈ ಆಟದಲ್ಲಿ ಮೈಯೂ ಒಂದು ಮರೆ, ಶತ್ರುವಿನದಾದರೂ ಸ್ನೇಹಿತನದಾದರೂ ಅರ್ಧ ಮರೆ. ಆದ್ದರಿಂದ ಹಿಂದಿನವರಿಗೆ 2 ಸೇರಿ ರಕ್ಷಣೆ 14 ಆಯಿತು. ಇದಕ್ಕೆ ಯಾರ ತಕರಾರೂ ಇರಲಿಲ್ಲ. ದೊಡ್ಡಪ್ಪನ ಅರ್ಚಕನು ಮಾತ್ರ ಸುಮ್ಮನೆ ತನ್ನ ‘ಸೇಕ್ರೆಡ್ ಫ್ಲೇಮ್’ ಮಂತ್ರ ಹಾಕುತ್ತಿದ್ದ. ಕಣ್ಣಿಗೆ ಕಂಡವನ ಮೇಲೆ ಬೀಳುವ ಆ ಜ್ವಾಲೆಯಿಂದ ತಪ್ಪಿಸಿಕೊಳ್ಳುವ ಪರೀಕ್ಷೆಯಲ್ಲಿ ಮರೆಯ ಅಂಕ ಸೇರುವುದೇ ಇಲ್ಲ. ಮರೆಯನ್ನು ಲೆಕ್ಕ ಹಾಕದ ಮೇಜುಗಳಲ್ಲಿ ಇಂಥ ಮಂತ್ರಗಳನ್ನೂ, ಅರ್ಧ ಮತ್ತು ಮುಕ್ಕಾಲು ಮರೆಯನ್ನು ಕಡೆಗಣಿಸಲು ಬಿಡುವ ‘ಶಾರ್ಪ್‌ಶೂಟರ್’ ಕೌಶಲವನ್ನೂ ಆರಿಸಿಕೊಂಡವರಿಗೆ ಅನ್ಯಾಯವಾಗುತ್ತದೆ. ಅವರು ಬೆಲೆ ತೆತ್ತು ಕೊಂಡ ವಸ್ತುವಿಗೆ ಆ ಮೇಜಿನಲ್ಲಿ ಉಪಯೋಗವೇ ಇರುವುದಿಲ್ಲ. ಮರೆಯ ನಿಯಮ ರಗಳೆ ಎಂದು ಕೈಬಿಡುವ ಮಾಸ್ಟರ್‌ಗಳು ಇದನ್ನು ಯೋಚಿಸಬೇಕೆಂದು ನನ್ನ ಮನವಿ.

ಎರಡನೆಯ ಸುತ್ತಿನ ಕೊನೆಗೆ ಮಾಂತ್ರಿಕನ ಸರದಿ. ಅವನು ಓಣಿಯ ಅಂಚು ಹಿಡಿದು ನಡೆದು ಬಂದು ಕಿಂಡಿಯ ಹೊರಬಾಯಿಗೆ ಹೊಂದಿ ನಿಂತ. ಒಳಗೆ ಇಣುಕಿದ. “ಮಿಸ್ಟಿ ಸ್ಟೆಪ್,” ಎಂದರು ಮಾಸ್ಟರ್. “ಬಿಲ್ಲುಗಾರ್ತಿಯ ಹಿಂದಿನ ಖಾಲಿ ಚೌಕ ಅವನಿಗೆ ಕಾಣುತ್ತದೆ. ಅಲ್ಲಿ ಪ್ರತ್ಯಕ್ಷನಾಗುತ್ತಾನೆ.”

ಮೇಜು ಕೊತಕೊತ ಕುದಿಯಿತು.

ಚಿತ್ರದುರ್ಗದವರಿಗೆ ಕಿಂಡಿ ಎಂದರೆ ಮೊದಲು ನೆನಪಾಗುವುದು ಓಬವ್ವ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಕಹಳೆಯ ಕಾವಲುಗಾರ ಊಟಕ್ಕೆ ಕೂತಿದ್ದಾಗ ಅವನ ಹೆಂಡತಿ ಬಂಡೆಯ ಸಂದಿನಿಂದ ತೂರಿ ಬರುತ್ತಿದ್ದ ಸೈನಿಕರನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಕೋಟೆಗೆ ಹೋದವರು ಆ ಸಂದನ್ನು ನೋಡದೆ ಇಳಿಯುವುದಿಲ್ಲ. ಆ ಕಥೆಯ ಯುದ್ಧತರ್ಕ ಗಟ್ಟಿ, ಆಟದ ನಿಯಮಕ್ಕೂ ಹೊಂದುತ್ತದೆ. ತನ್ನ ಮೈಗಿಂತ ಇಕ್ಕಟ್ಟಾದ ಜಾಗದಲ್ಲಿ ನುಸುಳುವವನ ಮೇಲೆ ದಾಳಿ ಮಾಡುವವರು ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುತ್ತಾರೆ. ನುಸುಳುವವನು ಹೊಡೆಯುವುದಾದರೆ ಎರಡರಲ್ಲಿ ಕಡಿಮೆಯದನ್ನು ಇಟ್ಟುಕೊಳ್ಳಬೇಕು. ಕಾಯುತ್ತಾ ನಿಂತ ಒಬ್ಬಳ ಎದುರು ಸಾಲುಗಟ್ಟಿ ಬಂದ ಸೈನ್ಯ ಅಸಹಾಯಕವಾಗುವುದು ಹೀಗೆ. ಆದರೆ ಈ ಮಾಂತ್ರಿಕ ನುಸುಳುತ್ತಿಲ್ಲ. ನೋಡುತ್ತಿದ್ದಾನೆ, ಅಷ್ಟೇ.

ಬಿಲ್ಲುಗಾರ್ತಿ ಮೊದಲು ಮಂತ್ರಗಳ ಸಾಮಾನ್ಯ ನಿಯಮ ಹಿಡಿದಳು: ಮಂತ್ರದ ಗುರಿಗೆ ಅಡ್ಡಿಯಿಲ್ಲದ ದಾರಿ ಬೇಕು, ಆರಂಗುಲದಲ್ಲಿ ಮನುಷ್ಯ ಹೇಗೆ ದಾಟುತ್ತಾನೆ? ಇದಕ್ಕೆ ದಾವಣಗೆರೆಯವನೇ ಉತ್ತರಿಸಿದ. ಮಿಸ್ಟಿ ಸ್ಟೆಪ್‌ನಲ್ಲಿ ಗುರಿ ಮಾಂತ್ರಿಕ ಸ್ವತಃ. ಮೂವತ್ತು ಅಡಿಯೊಳಗಿನ, ಖಾಲಿಯಿರುವ, ತನಗೆ ಕಾಣುವ ಜಾಗ ಎಂಬ ಮೂರೇ ಷರತ್ತು. ದಾರಿಯ ಮಾತು ಅಲ್ಲಿಲ್ಲ. ಗುರಿ ತಲುಪುವ ದಾರಿ ಬೇರೆ, ದೃಷ್ಟಿರೇಖೆ ಬೇರೆ. ಕಲ್ಲಿನ ಗೋಡೆ ಎರಡನ್ನೂ ತಡೆಯುತ್ತದೆ, ದಟ್ಟ ಮಂಜು ದೃಷ್ಟಿಯನ್ನು ಮಾತ್ರ ತಡೆದು ಬಾಣವನ್ನು ಬಿಡುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಆಡುವ ಮೇಜುಗಳಲ್ಲಿ ಅರ್ಧದಷ್ಟು ಜಗಳ ಇಲ್ಲೇ ಹುಟ್ಟುತ್ತದೆ.

ಆಗ ಅವಳು ದೃಷ್ಟಿರೇಖೆಯ ಅಳತೆಗೇ ಬಂದಳು, ಅದೂ ಪುಸ್ತಕದ ಅಕ್ಷರ ಹಿಡಿದು. ಒಂದು ಜಾಗದ ಮೂಲೆಯಿಂದ ಇನ್ನೊಂದು ಜಾಗದ ಯಾವುದೇ ಭಾಗಕ್ಕೆ ಗೆರೆ ಎಳೆಯಬೇಕು. ನೋಟ ತಡೆಯುವ ವಸ್ತುವನ್ನು ಮುಟ್ಟದ ಒಂದೇ ಒಂದು ಗೆರೆ ಸಿಕ್ಕರೂ ದೃಷ್ಟಿಯಿದೆ. ಗೋಡೆಗೆ ಹೊಂದಿದ ಮಾಂತ್ರಿಕನ ಚೌಕದ ನಾಲ್ಕು ಮೂಲೆಗಳಿಂದಲೂ ಅವಳು ಸ್ಕೇಲ್ ಇಟ್ಟು ಎಳೆದಳು. ಮುಂದಿನ ಎರಡು ಮೂಲೆಗಳ ಗೆರೆ ಗೋಡೆಯ ಮುಖವನ್ನೇ ಮುಟ್ಟುತ್ತದೆ. ಹಿಂದಿನ ಎರಡರ ಗೆರೆ ಹೊರಬಾಯಿಯೊಳಗೆ ಹೊಕ್ಕರೂ ಓರೆಯ ಬದಿಗೆ ತಗಲುತ್ತದೆ. “ಕಾಣುವುದಿಲ್ಲ!” ಎಂದಳು. ತಮಾಷೆಯೆಂದರೆ ಅದೇ ಲೆಕ್ಕದಲ್ಲಿ ಅವನು ಒಂದು ಚೌಕ ಹಿಂದೆ ಸರಿದರೆ ಕಾಣುತ್ತದೆ. ಕಿಂಡಿಗೆ ಕಣ್ಣಿಟ್ಟವನು ಕುರುಡ, ಹಿಂದೆ ನಿಂತವನಿಗೆ ನೋಟ.

ದಾವಣಗೆರೆಯವನು ಸ್ಕೇಲನ್ನು ಅವಳಿಂದ ತೆಗೆದುಕೊಂಡ. “ಅಕ್ಕ, ಪುಸ್ತಕ ‘ಒಂದು ಜಾಗದ ಮೂಲೆ’ ಎನ್ನುತ್ತದೆ. ನೋಡುವವನ ಜಾಗವೇ ಆಗಬೇಕೆಂದು ಹೇಳಿಲ್ಲ.” ಕೋಣೆಯೊಳಗಿನ ಖಾಲಿ ಚೌಕದ ಮೂಲೆಯಿಂದ ಗೆರೆ ಎಳೆದ. ಅದು ಓರೆಯೊಳಗೆ ನೆಮ್ಮದಿಯಾಗಿ ಸಾಗಿ, ಹೊರಬಾಯಿ ದಾಟಿ, ಮಾಂತ್ರಿಕನ ಚೌಕದೊಳಗೆ ಬಿತ್ತು. ದಾರಿಯಲ್ಲಿ ಬಿಲ್ಲುಗಾರ್ತಿಯ ಚೌಕವನ್ನು ಹಾದುಹೋಯಿತು ನಿಜ. ಆದರೆ ಜೀವಿಗಳ ಮೈ ಮರೆ ಕೊಡುತ್ತದೆಯೇ ಹೊರತು ಈ ನಿಯಮದಲ್ಲಿ ದೃಷ್ಟಿಯನ್ನು ತಡೆಯುವುದಿಲ್ಲ.

ಆದರೂ ಮಾಸ್ಟರ್ ಅಕ್ಷರದ ಮೇಲೆ ತೀರ್ಪು ನಿಲ್ಲಿಸಲಿಲ್ಲ. ನನಗೆ ಮೆಚ್ಚುಗೆಯಾದದ್ದು ಇದೇ. ಅವರು ದೊಡ್ಡಪ್ಪನ ಹಾಳೆಯನ್ನು ಮತ್ತೆ ಮುಂದಿಟ್ಟರು. ಮೊದಲ ಸುತ್ತಿನಲ್ಲಿ ನಾವು ಒಪ್ಪಿದ್ದೇನು? ಹೊರಬಾಯಿಗೆ ಕಣ್ಣು ಹತ್ತಿರವಾದಷ್ಟೂ ನೋಟ ಅಗಲವಾಗುತ್ತದೆ ಎಂದು. ಆ ಲೆಕ್ಕದಲ್ಲಿ ಒಳಗಿನವರು, ಹೊರಗಿನವರು ಎಂಬ ಭೇದ ಇರಲೇ ಇಲ್ಲ. ಈಗ ಹೊರಬಾಯಿಗೆ ಅತಿ ಹತ್ತಿರವಿರುವ ಕಣ್ಣು ಮಾಂತ್ರಿಕನದು, ಮತ್ತು ಬಿಲ್ಲುಗಾರ್ತಿಯ ಅನುಕೂಲಕ್ಕೆ ಕೊರೆದ ಓರೆ ಅವನ ನೋಟಕ್ಕೂ ಅಷ್ಟೇ ಅಗಲವಾಗಿ ತೆರೆದುಕೊಳ್ಳುತ್ತದೆ. ಅವಳ ಭುಜದ ಇಕ್ಕೆಲದಲ್ಲೂ ಸಂದಿದೆ; ಹಿಂದಿನ ಕೋಣೆ ಕಾಣುತ್ತದೆ. ಮೊದಲ ತೀರ್ಪು ನಿಲ್ಲಬೇಕಾದರೆ ಇದೂ ನಿಲ್ಲಬೇಕು. ಮುಂದುವರಿದು, ಕಿಂಡಿಗೆ ಹೊಂದಿ ನಿಂತ ಶತ್ರುವಿನ ದಾಳಿಗೆ ಬಿಲ್ಲುಗಾರ್ತಿಯ ಮುಕ್ಕಾಲು ಮರೆಯೂ ಅರ್ಧಕ್ಕೆ ಇಳಿಯುತ್ತದೆ ಎಂದೂ ಸೇರಿಸಿದರು.

ಅವಳು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ತಾನೇ ಮಾಂತ್ರಿಕನ ಗೊಂಬೆಯನ್ನು ಎತ್ತಿ ಕೋಣೆಯೊಳಗೆ ಇಟ್ಟಳು. ಗೆದ್ದಾಗ ಒಪ್ಪಿದ ತರ್ಕವನ್ನು ಸೋಲುವಾಗಲೂ ಒಪ್ಪುವ ಆಟಗಾರರ ಜೊತೆ ಆಡುವುದು ದೊಡ್ಡ ಭಾಗ್ಯ.

ಮಾಂತ್ರಿಕ ಉಳಿದ ಕ್ರಿಯೆಯಿಂದ ದಿಡ್ಡಿಯ ಅಗುಳಿ ಎಳೆದ. ಬದುಕುಳಿದಿದ್ದ ಮೂವರು ದರೋಡೆಕೋರರು ನುಗ್ಗಿದರು. ಐದು ಅಡಿಯೊಳಗೆ ಶತ್ರುವಿರುವಾಗ ಬಿಲ್ಲಿಗೆ ಎರಡು ದಾಳದಲ್ಲಿ ಕಡಿಮೆಯದು. ಅವಳು ಬಿಲ್ಲು ಬಿಟ್ಟು ಕತ್ತಿ ಹಿರಿದಳು. ಯೋಧನು ದಿಡ್ಡಿಯ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರನ್ನಾಗಿ ತಡೆದದ್ದರಿಂದ ಬಾಗಿಲು ಹೇಗೋ ಉಳಿಯಿತು, ಅರ್ಚಕ ನೆಲಕ್ಕೆ ಬಿದ್ದ.

ಕಾಳಗ ಮುಗಿದ ಮೇಲೆ ಚಹಾ ಕುಡಿಯುತ್ತಾ ಬಳಗ ಮುಂದಿನ ಬಾಗಿಲಿನ ಸಿದ್ಧತೆಗೆ ಕೂತಿತು. ಅಲ್ಲೂ ಇಂಥದೇ ಕಿಂಡಿಗಳಿವೆ. ಬಿಲ್ಲುಗಾರ್ತಿಯ ಯೋಜನೆ ಸರಳ: ಪ್ರತಿ ಕಿಂಡಿಯ ಒಳಬಾಯಿಗೆ ಕಂಬಳಿ ಇಳಿಬಿಡುವುದು. ಚಳ್ಳಕೆರೆಯ ಕಂಬಳಿಯಾದರೆ ಬೆಳಕೂ ತೂರದು ಎಂದು ದೊಡ್ಡಪ್ಪ ಬೆಂಬಲಿಸಿದರು. ಬಾಣ ಬಿಡುವಾಗ ಸರಿಸಿ, ಬಿಟ್ಟ ಕೂಡಲೇ ಇಳಿಸಿದರೆ ಶತ್ರುವಿನ ಸರದಿಯಲ್ಲಿ ದೃಷ್ಟಿರೇಖೆಯೇ ಇರದು, ಮಿಸ್ಟಿ ಸ್ಟೆಪ್ ನಡೆಯದು.

ಇಲ್ಲಿ ಪುಸ್ತಕದ ಒಂದು ಸಾಲು ತೊಡಕು ಮಾಡುತ್ತದೆ. 2014ರ ಕೈಪಿಡಿಯಲ್ಲಿ ಪೂರ್ಣ ಮರೆ ಎಂದರೆ ಅಡೆತಡೆಯೊಂದರ ಹಿಂದೆ ಸಂಪೂರ್ಣವಾಗಿ ಕಾಣದಂತಿರುವುದು. ಹಾಗೆ ಓದಿದರೆ ಕಂಬಳಿಯ ಹಿಂದಿನವಳಿಗೂ ಕಲ್ಲುಗೋಡೆಯ ಹಿಂದಿನವಳಿಗೂ ವ್ಯತ್ಯಾಸವಿಲ್ಲ, ಅಡ್ಡಬಿಲ್ಲಿನ ಬಾಣ ಉಣ್ಣೆಯ ಮುಂದೆ ನಿಂತುಬಿಡಬೇಕು. ಇದನ್ನು ಮೇಜಿನಲ್ಲಿ ಯಾರೂ ಒಪ್ಪಲಿಲ್ಲ, ನಾನಂತೂ ಒಪ್ಪುವುದಿಲ್ಲ. ಕಂಬಳಿ ಕಣ್ಣನ್ನು ತಡೆಯುತ್ತದೆ, ಕಬ್ಬಿಣವನ್ನು ತಡೆಯುವುದಿಲ್ಲ. ಆದ್ದರಿಂದ ಅದನ್ನು ದಟ್ಟ ಮಂಜಿನಂತೆ ಪರಿಗಣಿಸುವುದೆಂದಾಯಿತು: ಹೊರಗಿನವನು ಅವಳಿದ್ದಾಳೆಂದು ಊಹಿಸಿದ ಚೌಕಕ್ಕೆ ಬಾಣ ಬಿಡಬಹುದು, ಕಾಣದ ಗುರಿಯಾದ್ದರಿಂದ ಎರಡು ದಾಳ ಉರುಳಿಸಿ ಕಡಿಮೆಯದನ್ನು ಇಟ್ಟುಕೊಳ್ಳಬೇಕು, ಕಲ್ಲಿನ ಕಿಂಡಿಯ 5 ಅಂಕ ಅದರ ಮೇಲೂ ಸೇರುತ್ತದೆ. ಕಂಬಳಿ ಸರಿಸದೆ ಅವಳೂ ಹೊರಗೆ ಹೊಡೆದರೆ ಇಬ್ಬರೂ ಪರಸ್ಪರ ಕಾಣದವರು. ಕಾಣದೆ ಹೊಡೆಯುವವರ ಅನುಕೂಲ, ಕಾಣದವರನ್ನು ಹೊಡೆಯುವ ಪ್ರತಿಕೂಲ ಒಂದನ್ನೊಂದು ಕಳೆದು ದಾಳ ಒಂದೇ ಉಳಿಯುತ್ತದೆ.

ಹಿಂದೆ ಸರಿದು ನಿಂತರೆ ಹೇಗೆ ಎಂಬ ಪ್ರಶ್ನೆಯನ್ನೂ ದೊಡ್ಡಪ್ಪ ಅಳೆದು ಮುಗಿಸಿದರು. ಹೊರಬಾಯಿಯಿಂದ ಹತ್ತು ಅಡಿ ಹಿಂದೆ ನಿಂತವಳಿಗೆ ಮೂವತ್ತು ಅಡಿಯಾಚೆ ಕಾಣುವುದು ಎರಡೇ ಅಡಿ ಅಗಲ, ಶತ್ರುವಿಗೆ ಅವಳ ಮೈಯಲ್ಲಿ ಕಾಣುವುದು ಎಂಟು ಅಂಗುಲ. ನೋಟ ನಾಲ್ಕನೇ ಒಂದಕ್ಕೆ ಇಳಿದು, ಮರೆ ತುಸು ಕಡಿಮೆಯೇ ಆಯಿತು. ಹಾಗೆ ನಿಂತವರು ಕಿಂಡಿಗೆ ಹೊಂದಿದವರಲ್ಲ, ಅವರಿಗೆ ಮೊದಲ ತೀರ್ಪಿನ ಲಾಭವಿಲ್ಲ. ಮೂಲೆಯ ಅಳತೆಯೇ ಅವರಿಗೆ ಅನ್ವಯ, ಮರೆ ಎರಡೂ ಕಡೆಗೆ ಸಮ.

ಈಗ ಮಾಸ್ಟರ್ ಬರೆಯುವ ಹೊಸ ನಕ್ಷೆಗಳಲ್ಲಿ ಪ್ರತಿ ಕಿಂಡಿಯ ಪಕ್ಕ ಹೊರಬಾಯಿ, ಒಳಬಾಯಿ, ಗೋಡೆಯ ದಪ್ಪ ಎಂಬ ಮೂರು ಅಂಕಿಗಳಿರುತ್ತವೆ. ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಕಂಬಳಿಯಲ್ಲಿ ಬೆರಳಗಲದ ತೂತು ಮಾಡಿ ಕಣ್ಣನ್ನು ಅದಕ್ಕೆ ಒತ್ತಿ ನೋಡಿದರೆ ಒಳಗಿನವಳಿಗೆ ಪೂರ್ತಿ ನೋಟ ಸಿಗುತ್ತದೆ, ಐದಡಿ ಗೋಡೆಯಾಚೆ ನಿಂತ ಮಾಂತ್ರಿಕನಿಗೆ ಆ ತೂತಿನಿಂದ ಕೋಣೆಯ ಒಂದು ಚೂರೂ ಕಾಣದು ಎನ್ನುತ್ತಾರೆ ದೊಡ್ಡಪ್ಪ. ಗೋಡೆಯನ್ನು ಮುಟ್ಟದ ಒಂದೇ ಒಂದು ಗೆರೆ ಸಿಕ್ಕರೆ ಸಾಕು ಎಂದು ಪುಸ್ತಕ ಹೇಳುವಾಗ ತೂತಿನ ಅಳತೆ ಕೇಳುವ ಹಕ್ಕು ನಮಗಿಲ್ಲ ಎನ್ನುತ್ತಾನೆ ದಾವಣಗೆರೆಯವನು. ಮುಂದಿನ ಆಟಕ್ಕೆ ಇಬ್ಬರೂ ತಮ್ಮ ತಮ್ಮ ಹಾಳೆಗಳೊಂದಿಗೆ ಬರಲಿದ್ದಾರೆ.